ಫ್ಯೂಸ್ ಹೋಗೇ ಇಲ್ವಲ್ಲ ಸಾರ್

ಮಂಗಳವಾರ ಸೀಟು ಬಿಚ್ಚಿ ನೋಡಿದ 350 ಸಿಸಿ ಬೈಕಿನ ಹುಡುಗ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳಿದ್ದು ಒಂದೇ ಪ್ರಶ್ನೆ: "ಫ್ಯೂಸ್ ಹೋಗೇ ಇಲ್ವಲ್ಲ ಸಾರ್, ಮತ್ತೆ ಹೆಂಗೆ ಸುಟ್ಟೋಯ್ತು?" ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಒಳಗಿನ ತಂತಿ ನಿಜಕ್ಕೂ ಹೊಸದರಂತೆ ನೆಟ್ಟಗಿತ್ತು. ಅತ್ತ ಟ್ಯಾಂಕಿನ ಕೆಳಗೆ, ಆಮೇಲೆ ಹಾಕಿಸಿದ ಎಕ್ಸ್‌ಟ್ರಾ ಫಾಗ್ ಲೈಟಿನ ಕೆಂಪು ವೈರು ಉದ್ದಕ್ಕೂ ಬೋಳಾಗಿ, ಪಕ್ಕದ ಮೂರು ಕಂಪನಿ ವೈರುಗಳನ್ನೂ ಸೇರಿಸಿಕೊಂಡು ಕರಗಿ ಮುದ್ದೆಯಾಗಿ ಕೂತಿತ್ತು. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಸಂಜೆಯವರೆಗೂ ಹೋಗುವುದಿಲ್ಲ.

ಉತ್ತರ ಸರಳ. ಸುಟ್ಟ ವೈರಿನ ದಾರಿಯಲ್ಲಿ ಆ ಫ್ಯೂಸ್ ಇರಲೇ ಇಲ್ಲ. ಗಾಡಿಯ ಮೇನ್ ಫ್ಯೂಸ್ ಕಾಯುವುದು ತನ್ನನ್ನು ದಾಟಿ ಹೋಗುವ ವೈರುಗಳನ್ನು ಮಾತ್ರ. ಲೈಟು ಕೂರಿಸಿದವನು ಬ್ಯಾಟರಿಯ ಪ್ಲಸ್ ಬೋಲ್ಟಿಗೇ ಇನ್ನೊಂದು ವೈರು ಸಿಕ್ಕಿಸಿ ನೇರ ಹ್ಯಾಂಡಲ್ಲಿನ ಸ್ವಿಚ್ಚಿಗೆ ಒಯ್ದಿದ್ದ. ಹ್ಯಾಂಡಲ್ ತಿರುಗಿಸಿದಾಗೆಲ್ಲ ಆ ವೈರು ಸ್ಟೇರಿಂಗ್ ಕುತ್ತಿಗೆಯ ಹತ್ತಿರದ ಬ್ರಾಕೆಟ್ಟಿಗೆ ಉಜ್ಜುತ್ತಿತ್ತು. ಒಂದು ದಿನ ಸಿಪ್ಪೆ ಹರಿದು ತಾಮ್ರ ಚಾಸಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿರುವ ಗಾಡಿಯ ಲೋಹದ ಚೌಕಟ್ಟಿಗೆ, ತಾಗಿತು. ಸ್ಟಾರ್ಟರ್ ಮೋಟಾರ್ ತಿರುಗಿಸುವ ಶಕ್ತಿಯಿರುವ ಬ್ಯಾಟರಿ ಅದು, ಶಾರ್ಟ್ ಆದರೆ ನೂರು ಆಂಪಿಯರ್ ದಾಟಿ ಸುರಿಯಬಲ್ಲದು. ಅರ್ಧ ಎಂಎಂನ ಆ ತೆಳು ವೈರು ಹೀಟರ್ ಕಾಯಿಲ್ ಆಯಿತು. ಮೇನ್ ಫ್ಯೂಸಿಗೆ ಇದರ ಸುದ್ದಿಯೇ ಮುಟ್ಟಲಿಲ್ಲ.

ರಿಲೇ ಬೇಡವಾ ಅಂತ ಲೈಟು ಹಾಕಿದವನನ್ನು ಹುಡುಗ ಕೇಳಿದ್ದನಂತೆ. "ಎರಡೇ ವೈರು ಬ್ರೋ, ಪ್ಲಸ್ಸು ಮೈನಸ್ಸು, ಅದಕ್ಯಾಕೆ ರಿಲೇ" ಅಂದನಂತೆ. ಇಂಥವರನ್ನು ಕಳ್ಳರು ಅನ್ನಲಾಗದು. ಗಿರಾಕಿ ನೋಡುವುದು ಲೈಟು ಉರಿಯುತ್ತದೋ ಇಲ್ಲವೋ ಅಂತ. ಸೀಟಿನ ಕೆಳಗೆ ಬಗ್ಗಿ ನೋಡುವವರು ಯಾರು? ಕಾಲು ಗಂಟೆಯಲ್ಲಿ ಮುಗಿಸಿದವನು ಚುರುಕು, ಒಂದೂವರೆ ಗಂಟೆ ತೆಗೆದುಕೊಂಡವನಿಗೆ ಕೆಲಸ ಬರಲ್ಲ ಅನ್ನುವ ಊರಿನಲ್ಲಿ ವೈರಿಂಗ್ ಹೀಗೇ ಆಗುತ್ತದೆ. ರಿಲೇ, ಅದರ ಸಾಕೆಟ್ಟು, ಫ್ಯೂಸ್ ಹೋಲ್ಡರು, ನಾಲ್ಕು ಮೀಟರ್ ಒಳ್ಳೇ ವೈರು, ಎಲ್ಲಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುವ ಸಾಮಾನು. ಲೈಟಿಗೆ ಕೊಟ್ಟ ದುಡ್ಡಿನ ಮುಂದೆ ಅದೊಂದು ಲೆಕ್ಕವೇ ಅಲ್ಲ.

ರಿಲೇ ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ. ಕೀ ಆನ್ ಆಯಿತು ಅನ್ನುವ ಸುದ್ದಿ ಅದಕ್ಕೆ ಮುಟ್ಟಿದರೆ ಸಾಕು, ಲೈಟಿನ ಭಾರ ಕೀ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ಎಲ್ಲಾ ಅಂಗಡಿಯಲ್ಲೂ ಸಿಗುವ ನಾಲ್ಕು ಕಾಲಿನ 12 ವೋಲ್ಟ್ ರಿಲೇಯ ತಳದಲ್ಲಿ ನಂಬರ್ ಅಚ್ಚಾಗಿರುತ್ತದೆ. ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ದಾಟಿ ಬರುವ ವೈರು 30ಕ್ಕೆ, ಲೈಟಿಗೆ ಹೋಗುವುದು 87ರಿಂದ, 85 ಅರ್ಥಿಗೆ (ಮೈನಸ್ಸಿಗೆ), ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಕೀ ಲೈನ್ 86ಕ್ಕೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಆದರೆ 85, 86 ಅದಲು ಬದಲಾಗಬಾರದು. ಐದು ಕಾಲಿನದು ಸಿಕ್ಕರೆ ನಡುವಿನ 87ಎ ಮುಟ್ಟಬೇಡಿ. ಅದರಲ್ಲಿ ಕೀ ಆಫ್ ಇದ್ದಾಗಲೇ ಕರೆಂಟ್ ಬರುತ್ತದೆ. 85, 86ರ ನಡುವಿನ ಕಾಯಿಲ್ ಎಳೆಯುವುದು ಸುಮಾರು 0.15 ಆಂಪಿಯರ್. ಹಾಗಾಗಿ ಹ್ಯಾಂಡಲ್ಲಿನ ಪುಟ್ಟ ಸ್ವಿಚ್ಚನ್ನು 86ರ ಲೈನಿನಲ್ಲಿ ಹಾಕಿದರೆ ಅದು ವರ್ಷಾನುಗಟ್ಟಲೆ ಬಾಳುತ್ತದೆ. ಲೈಟಿನ ಪೂರ್ತಿ ಕರೆಂಟನ್ನು ಅದರೊಳಗೆ ಹಾಯಿಸಿದರೆ ಕಾಂಟ್ಯಾಕ್ಟ್ ಕಪ್ಪಾಗಿ ಕೊನೆಗೆ ಅದೇ ಕರಗುತ್ತದೆ.

ಕೀ ಲೈನ್ ಹುಡುಕುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಸೀಟಿನ ಕೆಳಗೆ ಹತ್ತಿರ ಸಿಗುವುದು ಹಿಂದಿನ ಟೇಲ್ ಲೈಟಿನ ವೈರು. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಆ ವೈರಿಗೆ ಇಟ್ಟು ನೋಡಿ: ಕೀ ಆನ್ ಮಾಡಿದರೆ 12 ಚಿಲ್ಲರೆ, ಆಫ್ ಮಾಡಿದರೆ ಸೊನ್ನೆ ಬರಬೇಕು. ಹತ್ತಿರದಲ್ಲೇ ಬ್ರೇಕ್ ಲೈಟಿನ ವೈರೂ ಇರುತ್ತದೆ. ತಪ್ಪಿ ಅದಕ್ಕೆ ಸಿಕ್ಕಿಸಿ, ಬ್ರೇಕ್ ಒತ್ತಿದಾಗ ಮಾತ್ರ ಫಾಗ್ ಲೈಟ್ ಉರಿಯುವ ಗಾಡಿಗಳೂ ರಸ್ತೆಯಲ್ಲಿವೆ, ನಗುವುದೋ ಅಳುವುದೋ ಗೊತ್ತಾಗುವುದಿಲ್ಲ. ಹೆಡ್‌ಲೈಟಿನಿಂದ ತೆಗೆಯುವುದೂ ಉಂಟು. 2017ರ ಏಪ್ರಿಲ್‌ನಿಂದೀಚೆಗಿನ ಗಾಡಿಗಳಲ್ಲಿ ಹೆಡ್‌ಲೈಟ್ ತಾನಾಗಿ ಉರಿಯುತ್ತದೆ. ಎಷ್ಟೋ ಮಾಡೆಲ್ಲುಗಳಲ್ಲಿ ಎಂಜಿನ್ ಸ್ಟಾರ್ಟ್ ಆದ ಮೇಲೆಯೇ ಉರಿಯುವುದರಿಂದ ಸೆಲ್ಫ್ ಹೊಡೆಯುವಾಗ ಬ್ಯಾಟರಿಗೆ ಹೊರೆ ಇರುವುದಿಲ್ಲ. ಆದರೆ ಹಳೇ ಚಿಕ್ಕ ಗಾಡಿಗಳಲ್ಲಿ ಹೆಡ್‌ಲೈಟಿಗೆ ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಬರುತ್ತದೆ. ಅದಕ್ಕೆ ರಿಲೇ ಕೊಟ್ಟರೆ ಟರ್ರ್ ಅಂತ ನಡುಗಿ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತದೆ.

ಹೈಬೀಮ್ ವೈರಿನಿಂದ 86ಕ್ಕೆ ಕೊಡುವುದು ಇನ್ನೂ ಮೇಲು. ಡಿಪ್ ಹೊಡೆದ ಕೂಡಲೇ ಎಕ್ಸ್‌ಟ್ರಾ ಲೈಟೂ ಆರುತ್ತದೆ. ಎದುರು ಬರುವವನ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರ ಜುಲೈನಿಂದ ನಮ್ಮ ಪೊಲೀಸರು ಕೇಸು ಹಾಕಲು ಶುರು ಮಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅರ್ಧ ಜನ ಆ ಲೈಟು ಹಾಕಿಸುವುದು ಸಿಟಿಯೊಳಗೆ ಓಡಾಡುವುದಕ್ಕೆ.

ಇನ್ನು ವೈರಿನ ದಪ್ಪ. ಅಂಗಡಿಯಲ್ಲಿ ಬರೀ ಎಂಎಂ ಅನ್ನುತ್ತಾರೆ, ಅದು ಚದರ ಮಿಲಿಮೀಟರ್ ಲೆಕ್ಕ. ಹುಡುಗನ ಗಾಡಿಯಲ್ಲಿ ನಲವತ್ತು ವ್ಯಾಟಿನ ಎರಡು ಲೈಟು. 80 ವ್ಯಾಟನ್ನು 13 ವೋಲ್ಟಿನಿಂದ ಭಾಗಿಸಿದರೆ 6 ಆಂಪಿಯರ್ ಆಸುಪಾಸು. ಹೋಗಿ ಬರುವ ದಾರಿ ಮೂರು ಮೀಟರ್ ಅಂದುಕೊಂಡರೆ ಅರ್ಧ ಎಂಎಂ ವೈರಿನಲ್ಲೇ ಮುಕ್ಕಾಲು ವೋಲ್ಟಿನ ಹತ್ತಿರ ಸೋರಿಹೋಗುತ್ತದೆ, ಒಂದೂವರೆ ಎಂಎಂನಲ್ಲಿ ಕಾಲು ವೋಲ್ಟೂ ಇಲ್ಲ. ಹಾಗಾಗಿ ಒಂದೂವರೆ ಎಂಎಂ, ಅದಕ್ಕೆ 10 ಆಂಪಿಯರಿನ ಕೆಂಪು ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಯಲು, ಲೈಟನ್ನಲ್ಲ. ಅದಕ್ಕೇ ಅದು ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಬೇಕು. ಲೈಟಿನ ಪಕ್ಕ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರು ದಿಕ್ಕಿಲ್ಲದ್ದು. ಕೆಂಪು ಹೋಯಿತು ಅಂತ 20ರ ಹಳದಿ ಹಾಕುವವರಿದ್ದಾರೆ. ಯಾಕೆ ಹೋಯಿತು ಅಂತ ಹುಡುಕುವವರು ಕಮ್ಮಿ.

ಜಾಯಿಂಟಿನ ವಿಷಯದಲ್ಲಿ ಜಗಳ ಮುಗಿಯುವುದಿಲ್ಲ. ಸೋಲ್ಡರ್ (ಬೆಸುಗೆ) ಗಟ್ಟಿ ಅನ್ನುವವರು ಹೇಳುವುದು ಮನೆಯ ರೇಡಿಯೋಗೆ ಸರಿ. ಗಾಡಿಯಲ್ಲಿ ಸೋಲ್ಡರ್ ಎಳೆಗಳೊಳಗೆ ಹರಿದು ನಿಂತ ಜಾಗ ಕಡ್ಡಿಯಂತಾಗುತ್ತದೆ, ಎಂಜಿನ್ನಿನ ನಡುಕಕ್ಕೆ ಮುರಿಯುವುದು ಸರಿಯಾಗಿ ಅದರ ಅಂಚಿನಲ್ಲಿ. ಒಳ್ಳೇ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಕೊಳವೆ), ಅದರ ಮೇಲೆ ಒಳಮೈಗೆ ಅಂಟು ಬಳಿದ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್, ಇದೇ ನೆಚ್ಚಬಹುದಾದ್ದು. ವೈರು ಕತ್ತರಿಸದೆ ಕಚ್ಚಿಕೊಳ್ಳುವ ನೀಲಿ ಕ್ಲಿಪ್ಪು ಕೂರಿಸಲು ಸುಲಭ. ಆದರೆ ಕಚ್ಚುವಾಗ ಒಂದೆರಡು ಎಳೆ ತಿನ್ನುತ್ತದೆ, ಆಗುಂಬೆ ಕಡೆ ಒಂದು ಮಳೆಗಾಲ ಓಡಿಸಿದರೆ ಒಳಗೆಲ್ಲ ಹಸಿರು ಕಿಲುಬು. ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದು ಏಪ್ರಿಲ್ ಬಿಸಿಲಿಗೆ ಜೋನಿಬೆಲ್ಲದಂತೆ ಜಾರುತ್ತದೆ. ಅರ್ಥ್ ವೈರನ್ನು ಪೇಂಟಿನ ಮೇಲೆ ಬಿಗಿದು ಲೈಟು ಮಿಣಮಿಣ ಅನ್ನುತ್ತಿದೆ ಅಂದರೆ ಲೈಟಿನ ತಪ್ಪಲ್ಲ. ಮೈನಸ್ಸನ್ನೂ ಬ್ಯಾಟರಿವರೆಗೆ ತಂದುಬಿಡಿ.

"ಕೀ ಯಾಕೆ, ಡೈರೆಕ್ಟ್ ಕೊಟ್ರೂ ಸ್ವಿಚ್ ಇದೆಯಲ್ಲ" ಅನ್ನುವುದು ಹುಡುಗನ ಇನ್ನೊಂದು ವಾದ. ಹ್ಯಾಂಡಲ್ಲಿನಲ್ಲಿ ವೋಲ್ಟ್ ತೋರಿಸುವ ಮೊಬೈಲ್ ಚಾರ್ಜರ್ ಬೇರೆ ಕೂರಿಸಿದ್ದ, ಅದಕ್ಕೆ ಸ್ವಿಚ್ಚೂ ಇಲ್ಲ. ಅದು ಸುಮ್ಮನೆ ಕೂತಲ್ಲೇ 25 ಮಿಲಿಆಂಪಿಯರ್ ತಿಂದರೆ ದಿನಕ್ಕೆ 0.6 ಆಂಪಿಯರ್-ಅವರ್, ವಾರಕ್ಕೆ 4.2. ಬ್ಯಾಟರಿ ಇರುವುದೇ 8. ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದು ಸೆಲ್ಫ್ ಒತ್ತಿದರೆ ಟಕ್ ಟಕ್ ಸದ್ದು ಬಿಟ್ಟರೆ ಬೇರೇನೂ ಬರದು. ಈಗ ಚಾರ್ಜರನ್ನೂ ಅದೇ 87ಕ್ಕೆ ಸೇರಿಸಿಯಾಯಿತು, ಫ್ಯೂಸಿಗೆ ಒಂದೂವರೆ ಆಂಪಿಯರಿನಷ್ಟು ಹೆಚ್ಚು, ಅಷ್ಟೆ. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿದು, ಎಲ್ಲಾ ಲೈಟು ಹಾಕಿ, ಆಕ್ಸಿಲರೇಟರ್ ಅರ್ಧ ತಿರುಗಿಸಿ ನೋಡಬೇಕು. 13.5ರ ಮೇಲೆ ನಿಂತರೆ ಸರಿ. 13ರ ಕೆಳಗೆ ಕುಸಿದರೆ ಬ್ಯಾಟರಿ ಚಾರ್ಜ್ ಮಾಡುವ ಗಾಡಿಯ ಮ್ಯಾಗ್ನೆಟ್ ಕಾಯಿಲ್ ಸಾಲದು, ಯಾವ ರಿಲೇಯೂ ಅದನ್ನು ಸರಿಮಾಡದು.

ಕೆಲಸ ಶುರುವಾಗಿದ್ದು ಬ್ಯಾಟರಿಯ ಮೈನಸ್ ಬಿಚ್ಚಿ. ಮೊದಲು ಪ್ಲಸ್ ಬಿಚ್ಚಲು ಹೋದರೆ ಸ್ಪ್ಯಾನರ್ ಚಾಸಿಗೆ ತಾಗಿದ ಕ್ಷಣ ಕಿಡಿ. ಕರಗಿದ ಮೂರು ವೈರುಗಳನ್ನು ಆಯಾ ಬಣ್ಣದಲ್ಲೇ ಬದಲಿಸಲು ಎರಡು ಗಂಟೆ ಹಿಡಿಯಿತು, ಹೊಸ ಲೈನ್ ಎಳೆಯಲು ಒಂದು. ರಿಲೇಯನ್ನು ಕಾಲು ಕೆಳಗಾಗಿ ಕಟ್ಟಿದ್ದಾಯಿತು, ನೀರು ನಿಲ್ಲದಿರಲಿ ಅಂತ. ಸ್ಟೇರಿಂಗ್ ಕುತ್ತಿಗೆಯ ಹತ್ತಿರ ಸ್ಲೀವ್ ಹಾಕಿ, ಹ್ಯಾಂಡಲನ್ನು ಆ ಲಾಕಿನಿಂದ ಈ ಲಾಕಿಗೆ ತಿರುಗಿಸಿ, ವೈರು ಎಲ್ಲೂ ಬಿಗಿಯದಷ್ಟು ಸಡಿಲ ಬಿಟ್ಟಿದ್ದಾಯಿತು.

ಲೈಟಿನ ಕಪ್ಲರ್ (ಜೋಡಿಸುವ ಪ್ಲಗ್ಗು) ಹಾಕುವ ಮೊದಲು ವೋಲ್ಟ್ ನೋಡೋಣ ಅಂತ ಕೀ ಆನ್ ಮಾಡಿದಾಗ ಮುಂದಿನ ತುದಿ ಹುಡುಗನ ಕೈಯಲ್ಲಿತ್ತು. ಜಾರಿ ಕ್ರ್ಯಾಶ್ ಗಾರ್ಡಿನ ಬೋಲ್ಟಿಗೆ ತಾಗಿತು. ಚಿಟ್ ಅಂತ ಒಂದು ಸಣ್ಣ ಕಿಡಿ, ಆಮೇಲೆ ಏನೂ ಇಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ವೈರು ಮುಟ್ಟಿದರೆ ತಣ್ಣಗಿತ್ತು. ಅವನು ಸೀಟಿನ ಕಡೆ ಓಡಿಹೋಗಿ ಕೆಂಪು ಫ್ಯೂಸ್ ಕಿತ್ತು ಬೆಳಕಿಗೆ ಎತ್ತಿ ಹಿಡಿದ.

"ಹೋಗಿದೆ ಸಾರ್!"