ರಳ ನುಂಗಿದ ಪ್ರೂಫು

ಮುದ್ರಣದ ಪ್ಲೇಟ್ ಹಾಕುವ ಹಿಂದಿನ ಸಂಜೆ ಬಂದ ಪುಸ್ತಕದ ಪ್ರೂಫು. ಶಾಸನಗಳಲ್ಲಿ ಹಳಗನ್ನಡದ ರಳ, ಅಂದರೆ ೞ, ಎಲ್ಲಿಯತನಕ ಉಳಿಯಿತು, ಎಲ್ಲಿ ಳಕಾರವಾಯಿತು, ಎಲ್ಲಿ ರೇಫ (ರ್) ಆಯಿತು ಎಂದು ನೋಡಿ ಕಾಲದ ಅಂದಾಜು ಮಾಡುವ ಅಧ್ಯಾಯದಲ್ಲಿ ಒಂದೇ ಒಂದು ರಳ ಇಲ್ಲ! ಕೋಷ್ಟಕದಲ್ಲಿ ಹಳೆಯ ರೂಪ 'ಏಳು', ನಂತರದ ರೂಪವೂ 'ಏಳು'. ಕೆಳಗೆ 'ಈ ವ್ಯತ್ಯಾಸ ಗಮನಾರ್ಹ' ಎಂಬ ವಾಕ್ಯ. ಅಷ್ಟರಲ್ಲಿ ಪ್ರೆಸ್ಸಿನಿಂದ ಫೋನು: "ಸರ್, ಪ್ಲೇಟ್‌ಗೆ ಬಿಡ್ಲಾ?"

ಹಸ್ತಪ್ರತಿ ಪ್ರತಿ ಅಕ್ಷರಕ್ಕೂ ಅದರದೇ ಕೋಡ್ ಇರುವ ಯೂನಿಕೋಡಿನಲ್ಲೇ ಹೋಗಿತ್ತು. ಆದರೆ ಪುಟ ಕಟ್ಟುವುದು ಇವತ್ತಿಗೂ 2001ರ ಪೇಜ್‌ಮೇಕರ್ 7ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಹಾಗಾಗಿ ಡಿಟಿಪಿಯವರು ಇಡೀ ಪಠ್ಯವನ್ನು ನುಡಿ ಆಸ್ಕಿಗೆ (ಇಂಗ್ಲಿಷ್ ಅಕ್ಷರಗಳ ಕೋಡಿನಲ್ಲೇ ಕನ್ನಡದ ಆಕಾರ ಕೂರಿಸುವ ಹಳೆಯ ವಿಧಾನ) ತಿರುಗಿಸಿದರು. ಕನ್ವರ್ಟರಿನ ಪಟ್ಟಿಯಲ್ಲಿ ರಳ ಇರಲಿಲ್ಲ. ಇದ್ದ ಕಡೆಯೆಲ್ಲ ಚೌಕ ಬಿತ್ತು. ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ಫೈಂಡ್-ರಿಪ್ಲೇಸ್ ಹೊಡೆದು ಚೌಕಕ್ಕೆಲ್ಲ ಳ ಹಾಕಿದರು. ಅವರನ್ನು ಬೈದು ಪ್ರಯೋಜನವಿಲ್ಲ, ಯಾರೂ ಹೇಳಿರಲಿಲ್ಲ. ಚೌಕ ಚೌಕವಾಗಿಯೇ ಉಳಿದಿದ್ದರೆ ಹತ್ತು ನಿಮಿಷದ ಕೆಲಸ. ನಿಜವಾದ ಳ, ಹೊಸದಾಗಿ ಬಂದ ಳ ಬೆರೆತ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಹಸ್ತಪ್ರತಿ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ತಾಳೆ ನೋಡಬೇಕು. ಪ್ಲೇಟ್ ನಿಲ್ಲಿಸಬೇಕಾಯಿತು.

ಕರಡು ತಿದ್ದಿಯಾಗಿತ್ತಲ್ಲ ಎಂದರೆ, ತಿದ್ದಿದ್ದು ವರ್ಡ್ ಪ್ರಿಂಟಿನ ಮೇಲೆ. ಅಲ್ಲಿ ತಪ್ಪಿರಲಿಲ್ಲ. ಕನ್ವರ್ಷನ್ ಆದ ಮೇಲೆ ಅದು ಬೇರೆಯೇ ಪಠ್ಯ, ಕರಡು ಮೊದಲಿನಿಂದ ನೋಡಬೇಕು. ಇದನ್ನು ಯಾವ ಪ್ರಕಾಶನ ವೇಳಾಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೈಲ್ ಕೊಡುವ ಮೊದಲು ವರ್ಡ್‌ನಲ್ಲಿ ೞ ಮತ್ತು ಹಳಗನ್ನಡದ ಇನ್ನೊಂದು ಅಕ್ಷರ ಱ (ಶಕಟರೇಫ) ಎಷ್ಟೆಷ್ಟಿವೆ ಎಂದು ಹುಡುಕಿ ಸಂಖ್ಯೆ ಬರೆದಿಡಿ. ಪುಟ ಕಟ್ಟಿದ ಫೈಲಿನಲ್ಲಿ ಅಷ್ಟೇ ಇವೆಯೇ ಎಂದು ಆಪರೇಟರ್ ಹತ್ತಿರ ಕೇಳಿ. (ಯೂನಿಕೋಡ್ ಪಟ್ಟಿಯಲ್ಲೇ ೞಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ, ಹೆಸರು ಬದಲಿಸುವುದು ಅವರ ನಿಯಮದಲ್ಲಿಲ್ಲ. ಪಾಪದ ಅಕ್ಷರ.) ಆಮೇಲೆ ಅರ್ಕಾವೊತ್ತು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು. ಕನ್ವರ್ಟರ್ ಎಡವಿದರೆ 'ಧರ್ಮ' ಹೋಗಿ 'ಧಮರ್' ಆಗುತ್ತದೆ. ಹಳೆಯ ಫೈಲುಗಳಲ್ಲಂತೂ ಅರ್ಕಾವೊತ್ತಿಗೆ ಒಂಬತ್ತರ ಅಂಕಿ ಒತ್ತಿ 'ಕನಾ೯ಟಕ' ಎಂದು ಮಾಡಿಟ್ಟವರಿದ್ದಾರೆ.

ಅಡಿಟಿಪ್ಪಣಿಗಳೇ ಹೆಚ್ಚು ಕೆಡುವುದು. ನುಡಿ ಆಸ್ಕಿಯಿಂದ ಯೂನಿಕೋಡಿಗೆ ಬರುವಾಗ ಅಲ್ಲಿನ ಇಂಗ್ಲಿಷ್ ಶೀರ್ಷಿಕೆಗಳೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗುತ್ತವೆ, ಏಕೆಂದರೆ ಎರಡಕ್ಕೂ ಕೋಡ್ ಒಂದೇ. ಫಾಂಟ್ ನೋಡಿ ಬದಲಿಸುವ ಕನ್ವರ್ಟರನ್ನೇ ಬಳಸಬೇಕು. ಪೇಜ್‌ಮೇಕರ್ ಬದಲು ಯೂನಿಕೋಡ್ ಬಲ್ಲ ಇನ್‌ಡಿಸೈನ್ ಇದ್ದರೆ ಇಷ್ಟೆಲ್ಲ ಬೇಡ. ಪ್ಯಾರಾ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಇಲ್ಲವಾದರೆ ಒತ್ತಕ್ಷರ ಬಿಡಿಬಿಡಿಯಾಗುತ್ತವೆ.

ಪದಸೂಚಿ ಕೊನೆಗೆ, ಪುಟಸಂಖ್ಯೆ ಗಟ್ಟಿಯಾದ ಮೇಲೆ. ಒಂದು ಅಡಿಟಿಪ್ಪಣಿ ಎರಡು ಸಾಲು ಬೆಳೆದರೂ ಆ ಅಧ್ಯಾಯದ ಕೊನೆಯವರೆಗೆ ಪುಟಗಳು ಜಾರಬಹುದು. ಕೋಡ್ ಕ್ರಮದಲ್ಲಷ್ಟೇ ಜೋಡಿಸುವ ಸಾಫ್ಟ್‌ವೇರ್ ಳವನ್ನು ವಕ್ಕಿಂತ ಮೊದಲು ಇಡುತ್ತದೆ. 'ಅಳಿಯ' ಬಂದು 'ಅವಧಿ'ಯ ಮುಂದೆ ಕೂರುತ್ತಾನೆ. ನಮ್ಮ ನಿಘಂಟುಗಳಲ್ಲಿ ಳ ಬರುವುದು ಹದ ನಂತರ. ಕೈಯಿಂದಲೇ ಸರಿಮಾಡಬೇಕು.

ಪುಸ್ತಕವಾಗದೆ ಶೋಧಗಂಗಾಕ್ಕೆ (ಸಂಶೋಧನ ಪ್ರಬಂಧಗಳ ಆನ್‌ಲೈನ್ ಭಂಡಾರ) ಹೋಗುವ ಪ್ರಬಂಧಕ್ಕೂ ಈ ತೊಂದರೆ ಇದೆ. ನುಡಿ ಆಸ್ಕಿಯ ಪಿಡಿಎಫ್ ಪರದೆಯ ಮೇಲೆ ಚೆಂದ ಕಾಣುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಯೂನಿಕೋಡ್ ಫಾಂಟಿನ ಪಿಡಿಎಫ್‌ನಲ್ಲೂ ಒತ್ತಕ್ಷರ ಹಿಂದುಮುಂದಾಗುವುದುಂಟು, ಆದ್ದರಿಂದ ಮೂಲ ಯೂನಿಕೋಡ್ ಫೈಲನ್ನು ಬೇರೆಯಾಗಿ ಕಾಪಾಡಿಕೊಳ್ಳಿ.

ಕರಾರಿಗೆ ಸಹಿ ಹಾಕುವಾಗ ಗೌರವಧನ, ಗೌರವಪ್ರತಿಗಳ ಜೊತೆ ಇನ್ನೊಂದು ಸಾಲು ಸೇರಿಸಲು ಹೇಳಿ: ಅಂತಿಮ ತಿದ್ದುಪಡಿಗಳಿರುವ ಓಪನ್ ಫೈಲ್ (ಮತ್ತೆ ತೆರೆದು ತಿದ್ದಬಹುದಾದ ಫೈಲ್) ಲೇಖಕರಿಗೆ ಸಿಗಬೇಕು. ಮರುಮುದ್ರಣದ ಹೊತ್ತಿಗೆ ಪ್ರೆಸ್ಸಿನಲ್ಲಿ ಪಿಡಿಎಫ್ ಬಿಟ್ಟು ಬೇರೇನೂ ಇರುವುದಿಲ್ಲ, ಆಪರೇಟರ್ ಕೂಡ ಬೇರೆ ಕಡೆ ಸೇರಿರುತ್ತಾರೆ.