ಮೌಸರ್ ಕೆಲಸ: ಬೆಡ್ಡಿಂಗ್‌ಗೆ ಹೂಂ, ಲಗ್ ಉಜ್ಜುವುದು ಸದ್ಯಕ್ಕೆ ಬೇಡ

ನನ್ನ ಮೌಸರ್ 98 (ಹಳೆಯ ಜರ್ಮನ್ ವಿನ್ಯಾಸದ ಬೋಲ್ಟ್ ರೈಫಲ್) ಕೆಲಸ ಎಲ್ಲಿಗೆ ಬಂತು ಅಂತ ಬರೆಯುತ್ತಿದ್ದೇನೆ. ಆ್ಯಕ್ಷನ್ (ರಿಸೀವರ್ ಅನ್ನುವ ಉಕ್ಕಿನ ಮೈ, ಅದರೊಳಗೆ ಹಿಂದೆ ಮುಂದೆ ಆಡುವ ಬೋಲ್ಟ್) ಹಳೆಯದು, ಅದು ಕೂರುವುದು ಮರದ ಸ್ಟಾಕಿನಲ್ಲಿ. ನಳಿಗೆ ಮಾತ್ರ ಆಮೇಲೆ ಹಾಕಿದ್ದು, .308 ವಿಂಚೆಸ್ಟರ್ ತೋಟಾದ್ದು. ತೊಂದರೆ ಇಷ್ಟು: ನಳಿಗೆ ತಣ್ಣಗಿರುವಾಗ ಮೊದಲ ಎರಡು ಮೂರು ಗುಂಡು ಒಂದರ ಪಕ್ಕ ಒಂದು ಬೀಳುತ್ತವೆ. ಬಿಸಿಯಾಗುತ್ತಾ ಹೋದಂತೆ ಮೇಲಕ್ಕೂ ಬಲಕ್ಕೂ ಸರಿಯುತ್ತವೆ. ಆರಲು ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತವೆ.

ಸುಲಭದ ಕಾರಣಗಳನ್ನೆಲ್ಲ ಮೊದಲೇ ನೋಡಿಯಾಗಿತ್ತು. ಸ್ಕೋಪ್ ಮೌಂಟಿನ ಸ್ಕ್ರೂಗಳು ಬಿಗಿಯಾಗಿವೆ. ಬೇರೆ ಸ್ಕೋಪ್ ಹಾಕಿದರೂ ಅದೇ ಕಥೆ. ಗುಂಡುಗಳು ನಳಿಗೆಯೊಳಗೆ ಬಿಟ್ಟ ತಾಮ್ರ ತೆಗೆದಾಯಿತು. ನಳಿಗೆ ಬಾಯಿಯ ಅಂಚಿಗೆ ಹತ್ತಿ ಸುತ್ತಿದ ಕಡ್ಡಿ ಸವರಿದೆ, ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ. ಆಮೇಲೆಯೇ ಗನ್‌ಸ್ಮಿತ್ ಹತ್ತಿರ ಹೋದದ್ದು.

ಅವರು ಹಿರಿಯರು, ಬೋಲ್ಟ್ ರೈಫಲ್ ಕೆಲಸದಲ್ಲಿ ಕೈ ಪಳಗಿದವರು. ಬಿಚ್ಚಿ ನೋಡಿ ಮೂರು ಕೆಲಸ ಹೇಳಿದರು. ಎಪಾಕ್ಸಿ ಹಾಕಿ ಆ್ಯಕ್ಷನ್ ಬೆಡ್ ಮಾಡುವುದು (ಮರದಲ್ಲಿ ಅಲುಗದೆ ಕೂರುವ ಹಾಗೆ ಅಚ್ಚು ಕಟ್ಟುವುದು), ಸ್ಟಾಕಿನಲ್ಲಿ ನಳಿಗೆ ಕೂರುವ ಕಾಲುವೆ ಕೆರೆದು ನಳಿಗೆಯನ್ನು ಪೂರ್ತಿ ಫ್ರೀ ಫ್ಲೋಟ್ ಮಾಡುವುದು (ಮರ ಎಲ್ಲೂ ತಾಗದ ಹಾಗೆ), ಬೋಲ್ಟಿನ ಲಗ್‌ಗಳು (ಗುಂಡು ಹಾರುವಾಗ ಬೋಲ್ಟನ್ನು ರಿಸೀವರ್‌ನಲ್ಲಿ ತಡೆದು ಹಿಡಿಯುವ ಉಬ್ಬುಗಳು) ಸಮನಾಗಿ ತಾಗುತ್ತಿಲ್ಲ ಅಂತ ಅವನ್ನು ಪೇಸ್ಟ್ ಹಾಕಿ ಉಜ್ಜಿ ಲ್ಯಾಪ್ ಮಾಡುವುದು. "ಹೇಗೂ ಬಿಚ್ಚಿಯಾಗಿದೆ, ಮೂರನ್ನೂ ಒಟ್ಟಿಗೆ ಮುಗಿಸಿಬಿಡ್ತೀನಿ" ಅಂದರು.

ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಒಂದುವೇಳೆ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೇ ಕೇಳಿದೆ: "ಸರ್, ಏನನ್ನು ನೋಡಿ ಹೀಗೆ ಹೇಳ್ತಿದ್ದೀರಿ, ನನಗೂ ತೋರಿಸ್ತೀರಾ?" ಬೇಜಾರು ಮಾಡಿಕೊಳ್ಳದೆ ಒಂದೊಂದನ್ನೇ ತೋರಿಸಿದರು. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಕೈಗೆ ನಾನು ಕೋವಿ ಕೊಡುವುದಿಲ್ಲ.

ಬೆಡ್ಡಿಂಗ್ ವಿಷಯದಲ್ಲಿ ಅವರು ತೋರಿಸಿದ್ದು ಕಣ್ಣಿಗೆ ಕಾಣುವಂಥದ್ದು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನೆಲ್ಲ ಮರಕ್ಕೆ ದಾಟಿಸುವುದು ರಿಸೀವರ್ ಅಡಿಯ ರಿಕಾಯಿಲ್ ಲಗ್ (ಬೋಲ್ಟಿನ ಲಗ್‌ಗಳಲ್ಲ, ಇದು ಬೇರೆ). ಅದು ಕೂರುವ ಜಾಗದಲ್ಲಿ ಮರ ಒಂದೇ ಮೂಲೆಯಲ್ಲಿ ಒತ್ತಿಹೋಗಿ ಹೊಳೆಯುತ್ತಿತ್ತು. ಉಳಿದ ಕಡೆ ಒತ್ತಿದ ಗುರುತೇ ಇಲ್ಲ. ಮರ ಹೀಗೆ ಒತ್ತಿಹೋದಾಗ ಆ್ಯಕ್ಷನ್ ಒದೆತಕ್ಕೊಮ್ಮೆ ಚೂರು ಹಿಂದೆ ಜಾರುತ್ತದೆ. ಆಗ ರಿಸೀವರ್ ಹಿಂಬದಿಯ ಬಾಲ, ಅಂದರೆ ಟ್ಯಾಂಗ್, ಮರಕ್ಕೆ ಬಡಿಯುತ್ತದೆ. ನನ್ನ ಸ್ಟಾಕಿನಲ್ಲಿ ಟ್ಯಾಂಗ್ ಹಿಂದೆ ಕೂದಲೆಳೆಯಷ್ಟು ಬಿರುಕು ಶುರುವಾಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಮರದ ಎಳೆಯ ಜೊತೆಗೇ ಓಡಿದೆ. ಹೀಗೇ ಬಿಟ್ಟರೆ ಸ್ಟಾಕ್ ಸೀಳುತ್ತದೆ.

ಇನ್ನೊಂದು ಪರೀಕ್ಷೆಯನ್ನು ನನ್ನ ಕೈಯಲ್ಲೇ ಮಾಡಿಸಿದರು. ಖಾಲಿ ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ನಳಿಗೆಗೂ ಸ್ಟಾಕಿನ ತುದಿಗೂ ಒಟ್ಟಿಗೆ ತಾಗುವಂತೆ ಬೆರಳಿಟ್ಟು, ಆ್ಯಕ್ಷನನ್ನು ಸ್ಟಾಕಿಗೆ ಬಿಗಿಯುವ ಮುಂದಿನ ಸ್ಕ್ರೂ ಸಡಿಲಿಸುವುದು. ನಳಿಗೆ ಮೇಲೇಳುವುದು ಬೆರಳಿಗೇ ಗೊತ್ತಾಯಿತು. ಡಯಲ್ ಗೇಜ್ ಇಟ್ಟಾಗ ಮುಳ್ಳು ಸುಮಾರು 10 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ ಕಾಲು ಮಿಲಿಮೀಟರ್ ಓಡಿತು. ಎರಡು ಮೂರು ಥೌ ಒಳಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಷ್ಟು ಓಡಿದರೆ ಸ್ಕ್ರೂ ಬಿಗಿದಾಗಲೆಲ್ಲ ಆ್ಯಕ್ಷನ್ ಬಾಗಿ ಕೂರುತ್ತಿದೆ ಅಂತ ಅರ್ಥ. ಇಲ್ಲಿ ವಾದಕ್ಕೆ ಜಾಗವೇ ಇಲ್ಲ. ಬೆಡ್ಡಿಂಗ್‌ಗೆ ಹೂಂ ಅಂದೆ.

ಆ ಕೆಲಸವನ್ನು ನಾನೇ ಮಾಡುವುದಿಲ್ಲ, ಅವರೇ ಮಾಡಲಿ. ಎಪಾಕ್ಸಿ ಉಕ್ಕಿಗೆ ಅಂಟದ ಹಾಗೆ ಹಚ್ಚುವ ರಿಲೀಸ್ ಏಜೆಂಟ್ ಒಂದು ಕಡೆ ತಪ್ಪಿದರೆ, ಅಥವಾ ಎಪಾಕ್ಸಿ ಯಾವುದಾದರೂ ತೂತಿನೊಳಗೆ ಹರಿದು ಗಟ್ಟಿಯಾದರೆ, ಆ್ಯಕ್ಷನ್ ಸ್ಟಾಕಿನಿಂದ ಬಿಡುವುದೇ ಇಲ್ಲ. ಯಾವ ತೂತಿಗೆ ಜೇಡಿ ತುಂಬಬೇಕು, ಎಲ್ಲಿ ಟೇಪ್ ಹಚ್ಚಬೇಕು ಅನ್ನುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಟ್ಯಾಂಗ್ ಹಿಂದೆ ಚೂರು ಜಾಗ ಬಿಡಿ ಅಂತ ಮಾತ್ರ ಹೇಳಿದೆ. ಅದು ಅವರ ಪಟ್ಟಿಯಲ್ಲಿ ಮೊದಲೇ ಇತ್ತು.

ಫ್ರೀ ಫ್ಲೋಟ್ ವಿಷಯದಲ್ಲಿ ಅರ್ಧ ಒಪ್ಪಿಗೆ. ನಳಿಗೆಯ ಅಡಿಯಲ್ಲಿ ಕಾಗದದ ಪಟ್ಟಿ ಎಳೆದರೆ ಸ್ಟಾಕ್ ತುದಿಯ ಹತ್ತಿರ ಕೆಳಗೆ ಎಡಬದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡುಗಳು ಸರಿಯುತ್ತಿರುವುದು ಮೇಲಕ್ಕೆ, ಬಲಕ್ಕೆ. ತಾಳೆಯಾಗುತ್ತದೆ ಅಲ್ವಾ? ಮರ ಕೆರೆಯುವ ಮೊದಲು ಇದನ್ನು ಪರೀಕ್ಷಿಸಲು ದಾರಿ ಇದೆ. ರಿಸೀವರ್ ಅಡಿಗೆ ತೆಳುವಾದ ಹಿತ್ತಾಳೆ ಶಿಮ್ (ತಗಡಿನ ಚೂರು) ಇಟ್ಟು ನಳಿಗೆಯನ್ನು ಕಾಲುವೆಯಿಂದ ಚೂರು ಎತ್ತಿದರೆ ಸಾಕು. ಹಾಗೆ ಮಾಡಿ, ಕಾಗದ ಸಲೀಸಾಗಿ ಓಡುತ್ತದೆ ಅಂತ ನೋಡಿಕೊಂಡು, 5 ಗುಂಡಿನ ಗ್ರೂಪ್‌ಗಳನ್ನು (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಹೊಡೆದೆ. 3 ಗುಂಡಿನ ಗ್ರೂಪ್ ನಂಬಬೇಡಿ. ಅದೃಷ್ಟ ಇದ್ದರೆ ಕೆಟ್ಟ ರೈಫಲ್ ಕೂಡ ಚಂದದ ತ್ರಿಕೋನ ಕೊಡುತ್ತದೆ.

ಮೇಲೇರುವುದು ನಿಂತಿತು. ಆದರೆ ಗ್ರೂಪ್ ಚಿಕ್ಕದಾಗಲಿಲ್ಲ. 100 ಮೀಟರಿಗೆ ಇನ್ನೂ 2 ಮಿನಿಟ್ ಆಫ್ ಆ್ಯಂಗಲ್ (ಒಂದು ಮಿನಿಟ್ ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಭಾಗ) ಆಸುಪಾಸಿನಲ್ಲೇ ಇದೆ, ಅಂದರೆ 58 ಮಿಲಿಮೀಟರ್ ಸುಮಾರು. ಮರ ತಾಗುವುದು ಸರಿಯುವಿಕೆಗೆ ಕಾರಣ, ಅಷ್ಟು ಖಚಿತ. ಉಳಿದ ಚದುರುವಿಕೆ ಬೆಡ್ಡಿಂಗ್‌ನಿಂದಲೇ ಇರಬಹುದು. ಶಿಮ್ ಮೇಲೆ ಕೂತ ಆ್ಯಕ್ಷನ್ ಸುಮ್ನೆ ತೂಗಾಡುತ್ತಿರುತ್ತದೆ, ಅದರಿಂದ ಜಾಸ್ತಿ ನಿರೀಕ್ಷೆ ಮಾಡುವಂತಿಲ್ಲ.

ಹಾಗಂತ ಕಾಲುವೆಯನ್ನು ಉದ್ದಕ್ಕೂ ಅಗಲ ಮಾಡುವುದು ಬೇಡ ಅಂದೆ. ಎಲ್ಲ ರೈಫಲ್‌ಗೂ ಫ್ರೀ ಫ್ಲೋಟ್ ಹಿಡಿಸುವುದಿಲ್ಲ. ಬ್ರಿಟಿಷ್ ಸೈನ್ಯದ ಹಳೆಯ ರೈಫಲ್ ಲೀ-ಎನ್‌ಫೀಲ್ಡ್ ನಂಬರ್ 4ರಲ್ಲಿ ಸ್ಟಾಕಿನ ತುದಿ ನಳಿಗೆಯನ್ನು ಮೇಲಕ್ಕೆ ಒತ್ತಬೇಕು ಅಂತಲೇ ಮಾಡಿದ್ದಾರೆ. ತೆಳು ನಳಿಗೆಯ ಎಷ್ಟೋ ಬೇಟೆ ರೈಫಲ್‌ಗಳಿಗೂ ಆ ಒತ್ತಡವೇ ಇಷ್ಟ. ಬೆಡ್ಡಿಂಗ್ ಆದ ಮೇಲೆ ತಾಗುವ ಆ ಎಡಬದಿ ಮಾತ್ರ ಕೆರೆದು, ಕೆರೆದ ಮರ ತೇವ ಕುಡಿಯದ ಹಾಗೆ ಸೀಲ್ ಮಾಡಿ, ಹೊಡೆದು ನೋಡುತ್ತೇವೆ. ಒತ್ತಡ ಬೇಕು ಅನಿಸಿದರೆ ತುದಿಯಲ್ಲಿ ಎಪಾಕ್ಸಿಯ ಪ್ಯಾಡ್ ಕಟ್ಟಬಹುದು. ಮರ ಹೋದರೆ ತುಂಬಲು ಬರುತ್ತದೆ.

ಉಕ್ಕು ಹಾಗಲ್ಲ. ಲಗ್ ವಿಷಯದಲ್ಲಿ ಬೇಡ ಅಂದದ್ದು ಅದಕ್ಕೇ. 1898ರ ಈ ವಿನ್ಯಾಸದ ಹಳೆಯ ರಿಸೀವರ್‌ಗಳು ಕಡಿಮೆ ಕಾರ್ಬನ್ನಿನ ಉಕ್ಕು. ಗಡಸು ಇರುವುದು ಮೇಲ್ಪದರದಲ್ಲಿ ಮಾತ್ರ, ಒಳಗೆ ಮೆದು. ಒಡೆಯದೆ ಒದೆತ ತಾಳಲಿ ಅಂತಲೇ ಹಾಗೆ ಮಾಡಿದ್ದು. ಇವತ್ತಿನ ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ರಿಸೀವರ್ ಒಳಗಿನವರೆಗೂ ಗಟ್ಟಿ, ಅದರಲ್ಲಿ ಲಗ್ ಉಜ್ಜುವುದು ಮಾಮೂಲಿ ಕೆಲಸ. ಇದರಲ್ಲಿ ಪೇಸ್ಟ್ ಹಾಕಿ ಉಜ್ಜುತ್ತಾ ಆ ಪದರ ಸವೆದರೆ, ಆಮೇಲೆ ಗುಂಡು ಹಾರಿದಾಗಲೆಲ್ಲ ಲಗ್ ಮೆದು ಉಕ್ಕನ್ನು ಒತ್ತಿ ಹಿಂದೆ ಸರಿಯುತ್ತದೆ. ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ತುದಿಯಿಂದ ತೋಟಾ ಒಳಗೆ ತಡೆದು ನಿಲ್ಲುವ ಜಾಗದವರೆಗಿನ ಅಂತರ, ಬೆಳೆಯುತ್ತಾ ಹೋಗುತ್ತದೆ. ಅದನ್ನು ನೋಡಲು ಎರಡು ಗೇಜ್: ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634. ನಡುವೆ ಇರುವುದು 4 ಥೌ ಅಷ್ಟೇ. ಮುಖದಿಂದ ಒಂದು ಗೇಣು ದೂರದಲ್ಲಿ ನಡೆಯುವ ವಿಷಯ ಇದು.

ಸಾಕ್ಷಿಯೂ ಗಟ್ಟಿಯಿರಲಿಲ್ಲ. ಅವರು ಲಗ್‌ಗಳ ಹಿಂಭಾಗಕ್ಕೆ ಮಾರ್ಕರ್ ಬಳಿದು ಬೋಲ್ಟ್ ಆಡಿಸಿದಾಗ ಒಂದರ ಮಸಿ ಅಳಿಸಿತ್ತು, ಇಜೆಕ್ಟರ್ (ಖಾಲಿ ತೋಟಾ ಹೊರಗೆಸೆಯುವ ಭಾಗ) ಹಾಯುವ ಸೀಳು ಇರುವ ಇನ್ನೊಂದರದ್ದು ಹಾಗೇ ಇತ್ತು. ಆದರೆ ಆಗ ಬೋಲ್ಟ್ ಪೂರ್ತಿ ಜೋಡಿಸಿತ್ತು. ಫೈರಿಂಗ್ ಪಿನ್ ಕಾಕ್ ಆಗಿದ್ದಾಗ (ಹೊಡೆಯಲು ಸಜ್ಜಾಗಿ ಹಿಂದೆ ನಿಂತಾಗ) ಅದನ್ನು ಹಿಡಿದಿಡುವ ಸಿಯರ್ ಬೋಲ್ಟಿನ ಹಿಂಭಾಗವನ್ನು ಮೇಲಕ್ಕೆ ಒತ್ತುತ್ತದೆ, ಬೋಲ್ಟ್ ಓರೆಯಾಗುತ್ತದೆ. ಪಿನ್ ಜೋಡಣೆ ಬಿಚ್ಚಿಟ್ಟು, ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಇನ್ನೊಮ್ಮೆ ನೋಡೋಣ ಸರ್ ಅಂದೆ. ಈ ಸಲ ಎರಡರ ಮಸಿಯೂ ಅಳಿಸಿತು. ಒಂದರದ್ದು ಜಾಸ್ತಿ, ಇನ್ನೊಂದರದ್ದು ಕಡಿಮೆ. ಅವರು ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಹಾಕಿಕೊಂಡು ತುಂಬ ಹೊತ್ತು ನೋಡಿದರು. ಲ್ಯಾಪ್ ಮಾಡಿದರೆ ಒಳ್ಳೆಯದೇ ಅನ್ನುವ ಅಭಿಪ್ರಾಯ ಬಿಡಲಿಲ್ಲ. ಆದರೆ "ಅವಸರವೇನಿಲ್ಲ, ಮೊದಲು ಗೇಜ್ ಹಾಕಿ ನೋಡೋಣ" ಅಂದರು. ತೋಟಾವನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಕೂಡ ತೆಗೆದು ಗೇಜ್ ಹಾಕಿದರು. ಗೋ ಮೇಲೆ ಬೋಲ್ಟ್ ಮುಚ್ಚಿತು, ನೋ-ಗೋ ಮೇಲೆ ಮುಚ್ಚಲಿಲ್ಲ. ಈ ಅಳತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಮುಂದೆ ಯಾವತ್ತಾದರೂ ಬದಲಾದರೆ ಆಗ ಲಗ್ ಮಾತು ಮತ್ತೆ ಎತ್ತುತ್ತೇನೆ.

ಸದ್ಯ ಸ್ಟಾಕ್, ಆ್ಯಕ್ಷನ್ ಎರಡೂ ಅವರ ಹತ್ತಿರ ಇವೆ. ಬಿರುಕಿಗೆ ಅಂಟು ಇಳಿಸಿ ಕ್ಲಾಂಪ್ ಹಾಕಿದ್ದಾರೆ, ಅದು ಒಣಗಿದ ಮೇಲೆ ಎಪಾಕ್ಸಿ. ಶಿಮ್ ಇಟ್ಟು ಹೊಡೆದ ತೋಟಾಗಳ ಲಾಟ್‌ನದ್ದೇ ಡಬ್ಬಿಗಳನ್ನು ಬೇರೆ ಎತ್ತಿಟ್ಟಿದ್ದೇನೆ, ಬೆಡ್ಡಿಂಗ್ ಆದ ಮೇಲಿನ ಗ್ರೂಪ್‌ಗಳಿಗೆ ಅವೇ ಬೇಕು.