ಹೊಲಸೆತ್ತುವ ಮನೆಯ ಬಣ್ಣದ ಕಂಬಗಳು

ಲಂಡನ್‌ನ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದೆ. ಅರಮನೆ, ಮ್ಯೂಸಿಯಂ ಎಲ್ಲಾ ನೋಡಿದೆ. ಮನಸ್ಸಲ್ಲಿ ಉಳಿದಿದ್ದು ಮಾತ್ರ ಕೊಳಚೆ ನೀರೆತ್ತುತ್ತಿದ್ದ ಒಂದು ಹಳೇ ಪಂಪ್‌ಹೌಸ್, ಕ್ರಾಸ್‌ನೆಸ್.

ಊರಿನ ಪೂರ್ವಕ್ಕೆ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿದೆ. ಅಬ್ಬೆ ವುಡ್ ಸ್ಟೇಷನ್‌ನಲ್ಲಿ ಇಳಿಯಬೇಕು. ದಿನಾ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ. ಮೊದಲ ಸಲ ನಾವು ಮಳೆಯಲ್ಲಿ ನೆನೆದು, ಮುಚ್ಚಿದ ಗೇಟು ನೋಡಿ ವಾಪಸ್ ಬಂದೆವು. ಅಕ್ಕನ ರಜೆ ಒಂದು ಸುಮ್ನೆ ಹಾಳಾಯಿತು.

ಎರಡನೇ ಸಲ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ನಡುವೆ ಎಂಟು ಮೂಲೆಯ ಅಂಕಣ. ಸುತ್ತ ಎರಕದ ಕಬ್ಬಿಣದ ಕಂಬ, ಜಾಲರಿ, ಎಲೆ, ಬಳ್ಳಿ. ಕೆಂಪು, ಹಸಿರು, ಬಂಗಾರದ ಬಣ್ಣ. ನಮ್ಮ ಗುಡಿಯ ನವರಂಗದಲ್ಲಿ ನಿಂತ ಹಾಗೆ. ಇಡೀ ಊರಿನ ಹೊಲಸೆತ್ತುವ ಜಾಗಕ್ಕೆ ಇಷ್ಟು ಅಕ್ಕರೆ!

1858ರ ಬೇಸಿಗೆಯಲ್ಲಿ ಥೇಮ್ಸ್ ಗಬ್ಬೆದ್ದು ನಾರಿತ್ತು. ವಾಸನೆ ತಡೆಯಲು ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ, ಅಂದರೆ ಬ್ಲೀಚಿಂಗ್ ಪೌಡರಿನಲ್ಲಿ, ಅದ್ದಿ ತೂಗುಹಾಕಿದ್ದರು. ಆಗಸ್ಟ್‌ನಲ್ಲೇ ಹೊಸ ಚರಂಡಿ ಕಟ್ಟಲು ಕಾನೂನು ಬಂತು. ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್ ನದಿಯುದ್ದಕ್ಕೂ ಅಡ್ಡ ಚರಂಡಿ ಕಟ್ಟಿ, ನದಿಗೆ ಬೀಳುತ್ತಿದ್ದ ಹೊಲಸನ್ನೆಲ್ಲ ಪೂರ್ವಕ್ಕೆ ಹರಿಸಿದರು. ದಕ್ಷಿಣ ದಡದ್ದು ಇಲ್ಲಿಗೆ ಬರುತ್ತಿತ್ತು. 1865ರಲ್ಲಿ ಶುರುವಾದ ನಾಲ್ಕು ಉಗಿ ಎಂಜಿನ್‌ಗಳು ಅದನ್ನೆತ್ತಿ ತೊಟ್ಟಿಗೆ ತುಂಬುತ್ತಿದ್ದವು. ನದಿಯ ನೀರು ಸಮುದ್ರದ ಕಡೆ ಇಳಿಯುವ ಹೊತ್ತಿಗೆ ನದಿಗೆ ಬಿಡುತ್ತಿದ್ದರು.

ಎಂಜಿನ್ ಒರೆಸುತ್ತಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರನ್ನು ಕೇಳಿದೆ: "ಕಾಲರಾ ನೀರಿನಿಂದ ಬರುತ್ತೆ ಅಂತ ಗೊತ್ತಿದ್ದೇ ಕಟ್ಟಿದರಾ?"

"ಇಲ್ಲ. ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಬಹಳ ಜನ ನಂಬಿದ್ದರು. ವಾಸನೆ ಹೋಗಲಿ ಅಂತ ಕಟ್ಟಿದರು, ಕಾಲರಾನೂ ಹೋಯಿತು."

"ನೀರಿನಿಂದ ಬರುತ್ತೆ ಅಂತ ಡಾಕ್ಟರ್ ಜಾನ್ ಸ್ನೋ 1854ರಲ್ಲೇ ಹೇಳಿದ್ದರಲ್ವಾ?"

ಅವರು ಬಟ್ಟೆ ಕೆಳಗಿಟ್ಟರು. "ಹೇಳಿದ್ದರು. ಆದರೆ ಅದೇ 1858ರ ಜೂನ್‌ನಲ್ಲಿ, ನದಿ ನಾರುತ್ತಿದ್ದಾಗಲೇ, ತೀರಿಕೊಂಡರು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಜಾಸ್ತಿ ಜನ ಸತ್ತಿದ್ದು ಹೊಸ ಚರಂಡಿ ಇನ್ನೂ ಮುಗಿಯದ, ಲಂಡನ್‌ನ ಪೂರ್ವ ಭಾಗದ ಈಸ್ಟ್ ಎಂಡ್‌ನಲ್ಲಿ. ಅದನ್ನು ನೋಡಲು ಸ್ನೋ ಇರಲಿಲ್ಲ."

ನನಗೆ ಮಾತೇ ಹೊರಡಲಿಲ್ಲ.

ಅವತ್ತು ಉಗಿ ಬಿಟ್ಟು ಓಡಿಸುವ ದಿನ. 'ಪ್ರಿನ್ಸ್ ಕನ್ಸಾರ್ಟ್' ಎಂಬ ಎಂಜಿನ್ ತಿರುಗಿತು. ಚಕ್ರವೊಂದೇ 52 ಟನ್. ಸದ್ದು ಅಂದರೆ ಬರೀ ಒಂದು ನಿಟ್ಟುಸಿರು. ನಿಂತು ತುಕ್ಕು ಹಿಡಿದಿದ್ದ ಇದನ್ನು ಸ್ವಯಂಸೇವಕರು ವರ್ಷಗಟ್ಟಲೆ ದುಡಿದು, ಪಂಪಿನ ಗುಂಡಿಗೆ ತುಂಬಿದ್ದ ಮರಳು ತೆಗೆದು, 2003ರಲ್ಲಿ ಮತ್ತೆ ಓಡಿಸಿದ್ದರು.

ಬಣ್ಣ ಕಾಣದ ಕಂಬವೊಂದನ್ನು ಅಕ್ಕ ಮುಟ್ಟಿ ನೋಡಿದಳು. ಬೆರಳಿಗೆ ಕುಂಕುಮದ ಹಾಗೆ ತುಕ್ಕು ಹತ್ತಿತು. "ಇನ್ನೊಂದು ಸಲ ಬರೋಣ ಕಣೇ" ಅಂದಳು.